ಮರೆವಿನ ರೋಗಕ್ಕ ಒಂದ ಮದ್ದು ಯಾಕ ಸಾಲಲಿಲ್ಲ

ನಮ್ಮ ಕಡೆ ಹಿರಿಯರು ಇಟ್ಟ ವಸ್ತು ಮರೆತರ, ಹೇಳಿದ್ದ ಹೇಳಿದರ, "ಅರವತ್ತಕ್ಕ ಅರಳು ಮರಳು, ಬಿಡ್ರಿ" ಅಂತ ನಕ್ಕು ಸುಮ್ಮನಾಗುವ ರೂಢಿ ಅದ. ಈ ಗಾದಿಮಾತಿನಾಗ ಎರಡು ಅರ್ಥ ಅಡಗ್ಯಾವ. ಒಂದು, ವಯಸ್ಸಾದ ಮ್ಯಾಲ ಬುದ್ಧಿ ಮಂಕಾಗೂದು ಎಲ್ಲಾರಿಗೂ ಬರೂದ. ಎರಡು, ಅದಕ್ಕ ಮಾಡುವಂಥಾದ್ದು ಏನೂ ಇಲ್ಲ. ಎರಡೂ ಖರೆ ಅಲ್ಲ. ಅರವತ್ತು ದಾಟಿ, ಎಂಬತ್ತು ದಾಟಿ, ಹೊಲದ ಬದುವಿನ ಲೆಕ್ಕ ಬೆರಳ ತುದಿಯಾಗ ಇಟ್ಟುಕೊಂಡ ಮುದುಕರು ನಮ್ಮ ಊರಾಗ ಎಷ್ಟೋ ಮಂದಿ ಇದ್ದಾರ. ಮನೆಯ ದಾರಿ ಮರೆಯುವಷ್ಟು, ಹೆತ್ತ ಮಕ್ಕಳ ಹೆಸರು ಮರೆಯುವಷ್ಟು ಆದರ ಅದು ವಯಸ್ಸಿನ ಗುಣ ಅಲ್ಲ, ಮೆದುಳಿನ ರೋಗ. ಅದರಾಗ ಹೆಚ್ಚಿನ ಪಾಲು ಆಲ್ಝೈಮರ್ ಅನ್ನುವ ರೋಗ.

ಈ ರೋಗದ ಚರಿತ್ರೆ ಬರೀಬೇಕಂತ ನಮ್ಮ ವಾಚನಾಲಯದವರು ನನಗ ಹೇಳಿದಾಗ, ಏಳನೆ ಇಯತ್ತೆ ಕಲಿತ ಒಕ್ಕಲಿಗ ನಾನೇನು ಬರೀಲಿ ಅಂದೆ. ಅಕ್ಕಲಕೋಟ ತಾಲೂಕಿನ ಕನ್ನಡ ಶಾಲೆಯಾಗ ಕಲಿತದ್ದಷ್ಟ ನನ್ನ ಓದು. ಉಳಿದದ್ದು ಜೋಳ, ತೊಗರಿ, ಮತ್ತ ರಾತ್ರಿ ಮೇಳದ ಹಾಡು. ಆದ್ರ ನನ್ನ ಮೊಮ್ಮಗಳು ಸೊಲ್ಲಾಪುರದಾಗ ನರ್ಸಿಂಗ್ ಕಲೀತಾಳ. ಅಕಿ ಇಂಗ್ಲಿಷಿನಾಗ ಓದಿ ಹೇಳಿದ್ದನ್ನ, ವಾಚನಾಲಯದ ಪುಸ್ತಕದಾಗ ಕಂಡದ್ದನ್ನ, ನನ್ನ ಮಾತಿನಾಗ ಕೂಡಿಸಿ ಇಲ್ಲಿ ಇಟ್ಟೀನಿ. ಈ ರೋಗದ ಜೋಡಿ ನಮ್ಮ ಮೇಳಕ್ಕ ಸಂಬಂಧ ಅದ. ಅದನ್ನ ಮುಂದ ಹೇಳ್ತೀನಿ.

ಫ್ರಾಂಕ್‌ಫರ್ಟ್ ಊರಿನ ಹೆಣ್ಣುಮಗಳು

1901ನೆಯ ಇಸವಿ ನವೆಂಬರ್ ತಿಂಗಳು. ಜರ್ಮನಿ ದೇಶದ ಫ್ರಾಂಕ್‌ಫರ್ಟ್ ಊರಿನ ಮಾನಸಿಕ ಆಸ್ಪತ್ರೆಗೆ ಆಗುಸ್ಟೆ ಡೆಟರ್ ಎಂಬ 51 ವರ್ಷದ ಹೆಣ್ಣುಮಗಳನ್ನು ಕರೆತಂದರು. ಗಂಡ ರೈಲ್ವೆಯಲ್ಲಿ ನೌಕರ. ಅಕಿ ವಿನಾಕಾರಣ ಗಂಡನ ಮ್ಯಾಲ ಸಂಶಯ ಪಡುತ್ತಿದ್ದಳು, ಸಾಮಾನು ಎಲ್ಲೆಲ್ಲೋ ಬಚ್ಚಿಡುತ್ತಿದ್ದಳು, ಅಡಿಗಿ ಕೆಡಿಸುತ್ತಿದ್ದಳು. ಅಲೋಯಿಸ್ ಆಲ್ಝೈಮರ್ ಎಂಬ ವೈದ್ಯರು ಅಕಿಯ ಮುಂದ ಕುಂತು ಪ್ರಶ್ನೆ ಕೇಳಿ, ಒಂದೊಂದು ಉತ್ತರವನ್ನೂ ಬರೆದಿಟ್ಟರು. ನಿನ್ನ ಹೆಸರೇನು ಅಂದರ ಆಗುಸ್ಟೆ ಅಂದಳು. ಗಂಡನ ಹೆಸರೇನು ಅಂದರೂ ಆಗುಸ್ಟೆ ಅಂತಲೇ ಅಂದಳು. ಊಟಕ್ಕ ಹೂಕೋಸು ಮತ್ತು ಮಾಂಸ ತಿನ್ನುತ್ತಾ, ತಿನ್ನೂದು ಪಾಲಕ್ ಸೊಪ್ಪು ಅಂದಳು. ತನ್ನನ್ನ ತಾನ ಕಳಕೊಂಡೀನಿ ಅನ್ನುವ ಅರ್ಥದ ಮಾತು ಅಕಿ ಬಾಯಿಂದ ಬಂದದ್ದು ಆ ಕಾಗದದಾಗ ಉಳಿದದ. ಆ ಕಡತ ಎಷ್ಟೋ ವರ್ಷ ಯಾರ ಕಣ್ಣಿಗೂ ಬೀಳದೆ ಇದ್ದು, 1995ರಲ್ಲಿ ಅದೇ ಫ್ರಾಂಕ್‌ಫರ್ಟಿನಾಗ ಸಿಕ್ಕಿತು.

1906ರ ಏಪ್ರಿಲಿನಲ್ಲಿ ಆಗುಸ್ಟೆ ತೀರಿಕೊಂಡಳು. ಅಷ್ಟರಾಗ ಆಲ್ಝೈಮರ್ ಮ್ಯೂನಿಕ್ ಊರಿಗೆ ಹೋಗಿದ್ದರು. ಅಕಿಯ ಮೆದುಳನ್ನ ತರಿಸಿಕೊಂಡು, ತೆಳ್ಳಗ ಸೀಳಿ, ಬೆಳ್ಳಿಯ ರಸಾಯನದ ಬಣ್ಣ ಕೊಟ್ಟು ಸೂಕ್ಷ್ಮದರ್ಶಕದಾಗ ನೋಡಿದರು. ಎರಡು ವಸ್ತು ಕಂಡವು. ನರಕೋಶಗಳ ನಡುವ ಕಸದಂಥ ಗುಡ್ಡಿ, ನರಕೋಶದ ಒಳಗ ಗಂಟುಬಿದ್ದ ನೂಲಿನಂಥ ಎಳೆ. ಅದೇ ವರ್ಷ ನವೆಂಬರ್ 3ಕ್ಕೆ ಟ್ಯೂಬಿಂಗನ್ ಊರಿನ ವೈದ್ಯರ ಸಭೆಯಾಗ ಇದನ್ನ ಹೇಳಿದಾಗ ಒಬ್ಬರೂ ಪ್ರಶ್ನೆ ಕೇಳಲಿಲ್ಲ. 1910ರಾಗ ಅವರ ಹಿರಿಯ ಸಹೋದ್ಯೋಗಿ ಎಮಿಲ್ ಕ್ರೆಪೆಲಿನ್ ತಮ್ಮ ಪಠ್ಯಪುಸ್ತಕದಾಗ ಈ ರೋಗಕ್ಕ ಆಲ್ಝೈಮರ್ ಹೆಸರು ಕೊಟ್ಟರು.

ಆದ್ರ ಅಲ್ಲೊಂದು ತೊಡಕು ಆತು. ಆಗುಸ್ಟೆ ಐವತ್ತರ ಆಸುಪಾಸಿನಾಕಿ. ಹಿಂಗಾಗಿ ಇದು ನಡುವಯಸ್ಸಿನವರಿಗೆ ಬರುವ ಅಪರೂಪದ ರೋಗ ಅಂತ ವೈದ್ಯರು ತಿಳಿದರು. ಎಪ್ಪತ್ತು ಎಂಬತ್ತರ ಮುದುಕರ ಮರೆವನ್ನ ಬ್ಯಾರೆ ಇಟ್ಟರು, ಅದು ಮುಪ್ಪಿನ ಗುಣ ಅಂದರು. ನಮ್ಮ ಗಾದಿಮಾತೇ ಅವರ ಪುಸ್ತಕದಾಗೂ ಇತ್ತು ಅನ್ನಬೇಕು. 1976ರಲ್ಲಿ ಅಮೆರಿಕದ ರಾಬರ್ಟ್ ಕಾಟ್ಝ್‌ಮನ್ ಎಂಬ ನರವೈದ್ಯರು ಒಂದು ಸಣ್ಣ ಲೇಖನ ಬರೆದು, ಇವೆರಡೂ ಒಂದೇ ರೋಗ, ಮುಪ್ಪಿನ ನೆಪ ಹೇಳಿ ಕೈ ಕಟ್ಟಿ ಕೂಡಬಾರದು ಅಂದರು. 1906ರಿಂದ 1976, ಎಪ್ಪತ್ತು ವರ್ಷ. ಅಷ್ಟು ಕಲಿತವರಿಗೆ ಎಪ್ಪತ್ತು ವರ್ಷ ಹಿಡಿದದ್ದು ನಮಗ ತಡವಾಗಿ ತಿಳಿದರ ಆಶ್ಚರ್ಯ ಇಲ್ಲ.

ಮೊದಲ ಮದ್ದುಗಳು

ಅದೇ 1976ರ ಸುಮಾರಿಗೆ ಬ್ರಿಟನ್ನಿನ ವಿಜ್ಞಾನಿಗಳು ಇನ್ನೊಂದು ಸಂಗತಿ ಕಂಡುಕೊಂಡರು. ನರಕೋಶದಿಂದ ನರಕೋಶಕ್ಕೆ ಸುದ್ದಿ ಒಯ್ಯುವ ಅಸಿಟೈಲ್‌ಕೋಲಿನ್ ಎಂಬ ರಸ ಈ ರೋಗಿಗಳ ಮೆದುಳಿನಾಗ ಕಡಿಮಿ ತಯಾರಾಗುತ್ತಿತ್ತು. ಆ ಹೊತ್ತಿಗೆ ಕೈಕಾಲು ನಡುಗುವ ಪಾರ್ಕಿನ್ಸನ್ ರೋಗಕ್ಕ ಕಡಿಮಿ ಆದ ರಸವನ್ನ ತುಂಬಿಕೊಟ್ಟು ಹಾಸಿಗಿ ಹಿಡಿದವರನ್ನ ನಡೆಸಿದ್ದರು. ಇಲ್ಲಿಯೂ ಹಂಗ ಆದೀತು ಅಂತ ಆಶೆ ಹುಟ್ಟಿತು.

1993ರಾಗ ಟ್ಯಾಕ್ರಿನ್ ಅನ್ನುವ ಮೊದಲ ಗುಳಿಗಿಗೆ ಅಮೆರಿಕ ಪರವಾನಿಗಿ ಕೊಟ್ಟಿತು. ಅದು ಯಕೃತ್ತಿಗೆ ತ್ರಾಸು ಕೊಡುತ್ತಿತ್ತು, ಭಾಳ ದಿನ ನಿಲ್ಲಲಿಲ್ಲ. 1996ರಾಗ ಡೊನೆಪೆಝಿಲ್ ಬಂತು. ಇದನ್ನ ಕಂಡುಹಿಡಿದ ಜಪಾನಿನ ಹಚಿರೊ ಸುಗಿಮೊತೊ ಅವರ ತಾಯಿಗೇ ಮರೆವಿನ ರೋಗ ಆಗಿತ್ತು, ಮಗನ ಗುರುತು ಸಿಗದಂಗ ಆಗಿತ್ತು. 2000ದಲ್ಲಿ ರಿವಾಸ್ಟಿಗ್ಮಿನ್, 2001ರಲ್ಲಿ ಗ್ಯಾಲಂಟಮಿನ್ ಬಂದವು. ಗ್ಯಾಲಂಟಮಿನ್ ಅಂದ್ರ ಯುರೋಪಿನಾಗ ಹಿಮ ಕರಗುವ ಹೊತ್ತಿಗೆ ಅರಳುವ ಒಂದು ಬಿಳಿ ಹೂವಿನ ಗಡ್ಡಿಯೊಳಗಿನ ಸತ್ವ. ಬಲ್ಗೇರಿಯಾ ದೇಶದವರು ಅದನ್ನ ಮೊದಲ ಬ್ಯಾರೆ ನರರೋಗಕ್ಕ ಬಳಸುತ್ತಿದ್ದರು.

ಈ ಮೂರೂ ಮಾಡುವ ಕೆಲಸ ಒಂದ. ಉಳಿದಷ್ಟು ರಸ ಬೇಗ ಕರಗಿ ಹೋಗದಂಗ ತಡೀತಾವ. ಹೊಲದ ಮಾತಿನಾಗ ಹೇಳಬೇಕಂದ್ರ, ಬಾವ್ಯಾಗ ನೀರು ಕಡಿಮಿ ಆದಾಗ ಕಾಲುವಿ ಸೋರಿಕಿ ಬಂದ್ ಮಾಡಿದಂಗ. ಸೋರಿಕಿ ನಿಂತರ ಇನ್ನೆರಡು ಮಡಿಗೆ ನೀರು ಮುಟ್ಟತದ, ಅದು ಸಣ್ಣ ಮಾತಲ್ಲ. ಆದ್ರ ಬಾವಿಯ ಸೆಲಿ ಬತ್ತೂದು ನಿಲ್ಲೂದಿಲ್ಲ. ನರಕೋಶ ಸಾಯೂದು ಒಳಗೊಳಗ ನಡದ ಇರತದ. 2003ರಲ್ಲಿ ಅಮೆರಿಕ ಒಪ್ಪಿದ ಮೆಮಂಟಿನ್ ಎಂಬ ಗುಳಿಗಿ ಬ್ಯಾರೆ ದಾರಿಯದು. ಗ್ಲುಟಮೇಟ್ ಎಂಬ ಇನ್ನೊಂದು ರಸ ಅತಿಯಾಗಿ ನರಕೋಶವನ್ನ ದಣಿಸೂದನ್ನ ಅದು ತಡೀತದ. ದಾರಿ ಎರಡು ಆದವು. ಎರಡನ್ನೂ ಕೂಡಿಸಿದರ ಹೆಂಗ ಅನ್ನುವ ಪ್ರಶ್ನೆ ಬಂತು.

ಕೂಡಿಸುವ ಬುದ್ಧಿ ಎಲ್ಲಿಂದ ಬಂತು

ಮದ್ದು ಕೂಡಿಸುವ ಬುದ್ಧಿ ಹೊಸದಲ್ಲ. ಕ್ಷಯರೋಗಕ್ಕ 1940ರ ದಶಕದಾಗ ಸ್ಟ್ರೆಪ್ಟೊಮೈಸಿನ್ ಬಂದಾಗ ಜನ ಕುಣಿದಾಡಿದರು. ಬ್ರಿಟನ್ನಿನಾಗ 1948ರ ವರದಿ ನೋಡಿದರ, ರೋಗಿಗಳು ಮೊದಲ ಕೆಲವು ತಿಂಗಳು ಸುಧಾರಿಸಿ, ಆಮ್ಯಾಲ ಮದ್ದು ತಾಕದಂಗ ಆತು. ರೋಗಾಣು ಅದಕ್ಕ ಜಗ್ಗದಂಗ ಗಟ್ಟಿ ಆಗಿದ್ದವು. ಆಗ ಎರಡು ಮದ್ದು ಕೂಡಿಸಿದರು. 1952ರಾಗ ಐಸೊನಿಯಾಝಿಡ್ ಬಂದ ಮ್ಯಾಲ ಮೂರು ಕೂಡಿಸಿದರು, ರೋಗ ಹಿಡಿತಕ್ಕ ಬಂತು. 1956ರಿಂದ ಮದ್ರಾಸಿನಾಗ ನಡೆದ ಅಧ್ಯಯನ ಜಗತ್ತಿಗೆ ಹೆಸರಾತು. ಎರಡು ಮದ್ದು ಕೂಡಿಸಿ ಒಂದು ವರ್ಷ ತಪ್ಪದ ಕೊಟ್ಟರ, ಬಡವರ ಇಕ್ಕಟ್ಟಿನ ಮನಿಯಾಗಿದ್ದ ರೋಗಿಯೂ ಆರೋಗ್ಯಧಾಮದಾಗಿದ್ದವರಷ್ಟ ಗುಣ ಆಗತಾನ ಅಂತ ಅದು ತೋರಿಸಿತು. ಕುಷ್ಠರೋಗಕ್ಕ 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕೂಡುಮದ್ದಿನ ಪದ್ಧತಿ ಹೇಳಿತು. ನಮ್ಮ ಸೀಮಿಯಾಗ ನಾ ಹುಡುಗ ಇದ್ದಾಗ ಊರ ಹೊರಗ ಕೂಡುತ್ತಿದ್ದ ಮಂದಿ, ಆ ಮ್ಯಾಲಿನ ವರ್ಷಗಳಾಗ ಊರ ಒಳಗ ಬಂದು ಕುಂತದ್ದನ್ನ ನಾನ ಕಂಡೀನಿ. ಎಚ್‌ಐವಿಗೂ 1996ರ ಹೊತ್ತಿಗೆ ಮೂರು ಮದ್ದು ಕೂಡಿಸಿದ ಮ್ಯಾಲ ಸಾವು ಇಳಿದವು.

ಒಕ್ಕಲಿಗರಿಗೆ ಇದು ತಿಳಿಯದ ಸಂಗತಿ ಅಲ್ಲ. ತೊಗರಿಗೆ ಕಾಯಿಕೊರಕ ಹುಳ ಬಿದ್ದಾಗ ಒಂದ ಎಣ್ಣಿ ಮ್ಯಾಲಿಂದ ಮ್ಯಾಲ ಹೊಡೆದು ಹುಳ ಸಾಯದಂಗ ಆದದ್ದು ನಮ್ಮ ಸೀಮಿ ಕಂಡದ. ಆಮ್ಯಾಲ ಬ್ಯಾಸಗಿಯಾಗ ಆಳ ರಂಟಿ ಹೊಡಿಯೂದು, ಹಕ್ಕಿ ಕೂಡಲಿಕ್ಕೆ ಕೋಲು ನೆಡೂದು, ಬೇವಿನ ಬೀಜದ ಕಷಾಯ, ಗಿಡ ಅಲ್ಲಾಡಿಸಿ ಹುಳ ಚಾದರದಾಗ ಬೀಳಿಸೂದು, ಕಡೀಕ ಬೇಕಾದರಷ್ಟ ಎಣ್ಣಿ, ಹಿಂಗ ನಾಕು ಕೂಡಿಸಿ ಬೆಳಿ ಉಳಿಸಿಕೊಂಡ್ವಿ.

ಆದ್ರ ಒಂದು ಮಾತು ಬಿಚ್ಚಿ ಹೇಳಬೇಕು. ಆಲ್ಝೈಮರ್ ಹುಳದಂಥ, ರೋಗಾಣುವಿನಂಥ ರೋಗ ಅಲ್ಲ. ಇಲ್ಲಿ ಮದ್ದಿಗೆ ಜಗ್ಗದ ವೈರಿ ಇಲ್ಲ. ಇಲ್ಲಿ ಕೂಡಿಸಬೇಕಾದ ಕಾರಣ ಬ್ಯಾರೆ. ಬೆಳಿ ಒಣಗಲಿಕ್ಕೆ ತೇವ ಕಡಿಮಿ, ಬೇರುಕೊಳೆ, ಕಳೆ, ಮೂರೂ ಸೇರಿದಾಗ ಒಂದನ್ನಷ್ಟ ಸರಿ ಮಾಡಿದರ ಬೆಳಿ ಪೂರಾ ಏಳೂದಿಲ್ಲ, ಹಂಗ. ಅಮೆರಿಕದಾಗ 1986ರಿಂದ 678 ಕ್ರೈಸ್ತ ಸನ್ಯಾಸಿನಿಯರು ತಾವು ಸತ್ತ ಮ್ಯಾಲ ತಮ್ಮ ಮೆದುಳು ಅಭ್ಯಾಸಕ್ಕ ತಗೋರಿ ಅಂತ ಒಪ್ಪಿಗಿ ಕೊಟ್ಟರು. 1997ರಲ್ಲಿ ಬಂದ ಅದರ ಒಂದು ವರದಿಯಾಗ ದೊಡ್ಡ ಪಾಠ ಅದ. ಮೆದುಳಿನಾಗ ಆಲ್ಝೈಮರಿನ ಗುಡ್ಡಿ, ಗಂಟು ಇದ್ದವರ ಪೈಕಿ, ರಕ್ತನಾಳ ಕಟ್ಟಿ ಸಣ್ಣ ಸಣ್ಣ ಗಾಯ ಆದವರಿಗೆ ಮರೆವಿನ ರೋಗ ಹೆಚ್ಚು ಕಂಡಿತು. ಅಂದ್ರ ಒಂದು ಕೆಡುಕಿನ ಮ್ಯಾಲ ಇನ್ನೊಂದು ಕೆಡುಕು ಬಿದ್ದಾಗ ಮನಿ ಕುಸೀತದ. ರಕ್ತದೊತ್ತಡ ತಗ್ಗಿಸಿದರ ಆ ಎರಡನೆಯ ಕೆಡುಕನ್ನಾದರೂ ತಡೀಬಹುದು.

ಕೂಡಿಸಿದ್ದರಿಂದ ಏನಾತು

ಅದೇ 1997ರಾಗ 341 ರೋಗಿಗಳ ಮ್ಯಾಲ ಒಂದು ಪರೀಕ್ಷೆ ಮುಗಿಯಿತು. ಕೆಲವರಿಗೆ ಈ ಜೀವಸತ್ವ, ಕೆಲವರಿಗೆ ಸೆಲಿಜಿಲಿನ್ ಎಂಬ ಮದ್ದು, ಕೆಲವರಿಗೆ ಎರಡೂ, ಕೆಲವರಿಗೆ ಬರೇ ಹುಸಿ ಗುಳಿಗಿ. ಒಂದೊಂದು ತಗೊಂಡವರಿಗೆ ರೋಗ ತುಸು ನಿಧಾನ ಆತು. ಎರಡೂ ತಗೊಂಡವರಿಗೆ ಅದಕ್ಕಿಂತ ಹೆಚ್ಚಿನ ಲಾಭ ಆಗಲಿಲ್ಲ. ಎರಡು ಸೇರು ಜೋಳಕ್ಕ ಎರಡು ಸೇರು ಕೂಡಿಸಿದರ ನಾಕು ಸೇರು ಆಗತದ. ಮದ್ದಿನ ಲೆಕ್ಕ ಹಂಗಿಲ್ಲ.

2004ರಲ್ಲಿ 404 ರೋಗಿಗಳ ಪರೀಕ್ಷೆ ಬಂತು. ಇವರೆಲ್ಲ ಮೊದಲಿಂದ ಡೊನೆಪೆಝಿಲ್ ತಗೊಳ್ಳುತ್ತಿದ್ದವರು, ರೋಗ ನಡುಮಟ್ಟ ದಾಟಿದವರು. ಅರ್ಧ ಮಂದಿಗೆ ಮೆಮಂಟಿನ್ ಕೂಡಿಸಿ 24 ವಾರ ನೋಡಿದರು. ಕೂಡಿಸಿದವರು ನೆನಪಿನಾಗ, ದಿನದ ಕೆಲಸದಾಗ ಒಂದಿಷ್ಟು ಮ್ಯಾಲ ಇದ್ದರು. ಆ ಮ್ಯಾಲ ಈ ಜೋಡಿ ಎಲ್ಲಾ ಕಡೆ ರೂಢಿ ಆತು. 2014ರಲ್ಲಿ ಎರಡನ್ನೂ ಒಂದ ಗುಳಿಗಿಯಾಗ ಇಟ್ಟದ್ದಕ್ಕ ಅಮೆರಿಕ ಪರವಾನಿಗಿ ಕೊಟ್ಟಿತು. ಆದ್ರ ನಡುವ 2012ರಲ್ಲಿ ಬ್ರಿಟನ್ನಿನ 295 ರೋಗಿಗಳ ಪರೀಕ್ಷೆ ಬ್ಯಾರೆ ಹೇಳಿತ್ತು. ಡೊನೆಪೆಝಿಲ್ ನಿಲ್ಲಿಸದೆ ಮುಂದುವರಿಸಿದರ ಲಾಭ ಅದ, ಮೆಮಂಟಿನ್‌ದಿಂದಲೂ ಲಾಭ ಅದ, ಎರಡೂ ಕೂಡಿಸಿದ್ದರಿಂದ ಎದ್ದು ಕಾಣುವಂಥ ಹೆಚ್ಚಿನ ಲಾಭ ಇಲ್ಲ ಅಂತ. ಎರಡೂ ವರದಿ ಇಟ್ಟು ನೋಡಿದರ ಜೋಡಿ ಮದ್ದಿನ ಉಪಯೋಗ ಸಣ್ಣದು ಅನ್ನಬೇಕು. ಸಣ್ಣದು ಅಂತ ಬಿಡೂದೂ ಅಲ್ಲ, ದೊಡ್ಡದು ಅಂತ ಮನಿ ಮಾರೂದೂ ಅಲ್ಲ.

ಇನ್ನೊಂದು ಕಡೆ ಕಸದ ಗುಡ್ಡಿಯನ್ನೇ ತಗೀಬೇಕು ಅನ್ನುವವರ ದಂಡು. 1984ರಲ್ಲಿ ಆ ಗುಡ್ಡಿಯಾಗ ಇರೂದು ಅಮೈಲಾಯ್ಡ್ ಎಂಬ ವಸ್ತು ಅಂತ ತಿಳಿಯಿತು. ನರಕೋಶದೊಳಗಿನ ಗಂಟು ಟಾವ್ ಎಂಬುದರದ್ದು. 1992ರಿಂದ, ಎಲ್ಲಾದರ ಮೂಲ ಅಮೈಲಾಯ್ಡ್, ಅದನ್ನ ತಗದರ ರೋಗ ಹೋಗತದ ಅನ್ನುವ ವಿಚಾರ ಬಲ ಆತು. ಒಂದು ಲಸಿಕಿ ಇಲಿಗಳಾಗ ಚಲೋ ಕೆಲಸ ಮಾಡಿತು. ಮನುಷ್ಯರಿಗೆ ಹಾಕಿದಾಗ ನೂರಕ್ಕ 6 ಮಂದಿಗೆ ಮೆದುಳಿಗೆ ಬಾವು ಬಂದು 2002ರಲ್ಲಿ ನಿಲ್ಲಿಸಬೇಕಾತು. 2002ರಿಂದ 2012ರ ತನಕ ನಡೆದ ಈ ರೋಗದ ಮದ್ದಿನ ಪರೀಕ್ಷೆಗಳ ಪೈಕಿ ನೂರಕ್ಕ 99.6 ಸೋತವು ಅಂತ ಲೆಕ್ಕ ಹಾಕ್ಯಾರ. ಸತತ ಬರಗಾಲ ಬಿದ್ದ ಒಕ್ಕಲಿಗನಿಗಷ್ಟ ಆ ಲೆಕ್ಕದ ಭಾರ ತಿಳೀತದ.

2021ರಲ್ಲಿ ಅಡುಕನುಮಾಬ್ ಎಂಬ ಮದ್ದಿಗೆ ಅಮೆರಿಕ ಪರವಾನಿಗಿ ಕೊಟ್ಟಾಗ ದೊಡ್ಡ ಜಗಳ ಆತು, 2024ರಲ್ಲಿ ಕಂಪನಿ ಅದನ್ನ ಕೈಬಿಟ್ಟಿತು. 2023ರಲ್ಲಿ ಲೆಕನೆಮಾಬ್, 2024ರಲ್ಲಿ ಡೊನನೆಮಾಬ್ ಬಂದವು. ಲೆಕನೆಮಾಬನ್ನ 1,795 ಮಂದಿಯ ಪರೀಕ್ಷೆಯಾಗ ನೋಡಿದರು. 18 ತಿಂಗಳಾಗ ರೋಗ ಬೆಳೆಯುವ ವೇಗ ನೂರಕ್ಕ 27ರಷ್ಟು ತಗ್ಗಿತು. ನಿಲ್ಲಲಿಲ್ಲ, ತಗ್ಗಿತು. ರೋಗದ ಆರಂಭದಾಗಷ್ಟ ಇದು ನಡೀತದ. ನರಕ್ಕ ಸಲಾಯಿನ್‌ದಂಗ ಏರಿಸಬೇಕು, ಮೆದುಳು ಬಾತದೋ, ರಕ್ತ ಒಸರ್ಯದೋ ಅಂತ ಮ್ಯಾಲಿಂದ ಮ್ಯಾಲ ಸ್ಕ್ಯಾನ್ ಮಾಡಿ ನೋಡಬೇಕು. ಗುಡ್ಡಿ ಪೂರಾ ತಗದರೂ ರೋಗ ಪೂರಾ ನಿಲ್ಲಲಿಲ್ಲ ಅಂದ ಮ್ಯಾಲ ವಿಜ್ಞಾನಿಗಳು ಮತ್ತ ಕೂಡಿಸುವ ದಾರಿಗೆ ಬಂದರು. ತಲಿತಲಾಂತರದಿಂದ ಈ ರೋಗ ಹರಿದು ಬಂದ ಮನೆತನದವರ ಮ್ಯಾಲ 2022ರಿಂದ ಒಂದು ಪರೀಕ್ಷೆ ನಡೆದದ. ಅಮೈಲಾಯ್ಡ್ ತಗಿಯುವ ಮದ್ದು ಒಂದು, ಟಾವ್ ತಡಿಯುವ ಮದ್ದು ಇನ್ನೊಂದು, ಎರಡೂ ಕೂಡಿ.

ಫಿನ್ಲೆಂಡಿನ ನಾಕು ಸಾಲು

ಕೂಡಿಸೂದು ಅಂದ್ರ ಗುಳಿಗಿಗೆ ಗುಳಿಗಿ ಕೂಡಿಸೂದಷ್ಟ ಅಲ್ಲ ಅಂತ ತೋರಿಸಿದವರು ಫಿನ್ಲೆಂಡಿನವರು. ಮಿಯಾ ಕಿವಿಪೆಲ್ಟೊ ಎಂಬ ವೈದ್ಯೆ ಮುಂದಾಳು. 60ರಿಂದ 77 ವರ್ಷದ 1,260 ಮಂದಿ, ರೋಗ ಇನ್ನೂ ಬಂದಿಲ್ಲ, ಬರುವ ಸಂಭವ ಅದ ಅನ್ನುವಂಥವರನ್ನ ಆರಿಸಿಕೊಂಡರು. ಅರ್ಧ ಮಂದಿಗೆ ಎರಡು ವರ್ಷ ನಾಕು ಕೆಲಸ ಕೂಡೇ ಮಾಡಿಸಿದರು: ಹಿತಮಿತ ಊಟ, ಮೈಗೆ ಕಸರತ್ತು, ಬುದ್ಧಿಗೆ ಅಭ್ಯಾಸ, ಬಿಪಿ ಸಕ್ಕರಿ ಕೊಬ್ಬಿನ ಮ್ಯಾಲ ನಿಗಾ. ಉಳಿದವರಿಗೆ ಬರೇ ಸಾಮಾನ್ಯ ಸಲಹಾ. 2015ರಲ್ಲಿ ಫಲ ಹೊರಬಂತು. ನಾಕೂ ಮಾಡಿದವರ ಬುದ್ಧಿಶಕ್ತಿಯ ಸುಧಾರಣೆ ಉಳಿದವರಿಗಿಂತ ನೂರಕ್ಕ 25 ಹೆಚ್ಚು ಇತ್ತು. 2025ರಲ್ಲಿ ಅಮೆರಿಕದಾಗ 2,111 ಮಂದಿಯ ಮ್ಯಾಲ ನಡೆದ ಇಂಥದೇ ಪರೀಕ್ಷೆಯ ಫಲ ಬಂತು. ಅಲ್ಲಿ ಎರಡೂ ಗುಂಪು ಸುಧಾರಿಸಿದರು, ಗುಂಪುಗೂಡಿ ಶಿಸ್ತಿನಿಂದ ಮಾಡಿದವರು ಹೆಚ್ಚು ಸುಧಾರಿಸಿದರು.

2024ರಲ್ಲಿ ಲ್ಯಾನ್ಸೆಟ್ ಪತ್ರಿಕೆಯ ತಜ್ಞರ ಮಂಡಳಿ ಮರೆವಿನ ರೋಗಕ್ಕ ದಾರಿ ಮಾಡುವ, ನಮ್ಮ ಕೈಯಾಗ ತಿದ್ದಲಿಕ್ಕೆ ಬರುವ 14 ಸಂಗತಿ ಹೇಳಿತು. ಕಡಿಮಿ ಓದು, ಕಿವುಡು, ದೃಷ್ಟಿ ಮಂಜು, ರಕ್ತದೊತ್ತಡ, ಸಕ್ಕರಿ ಕಾಯಿಲೆ, ರಕ್ತದಾಗ ಕೆಟ್ಟ ಕೊಬ್ಬು, ಬೊಜ್ಜು, ಬೀಡಿ ಸಿಗರೇಟು, ಅತಿ ಕುಡಿತ, ಮೈ ದಣಿಸದೆ ಕೂಡೂದು, ತಲಿಗೆ ಪೆಟ್ಟು, ಮನದ ಖಿನ್ನತೆ, ಒಂಟಿತನ, ಹೊಲಸು ಗಾಳಿ. ಇವೆಲ್ಲಾ ಸರಿ ಮಾಡಿದರ ಜಗತ್ತಿನಾಗ ನೂರಕ್ಕ 45 ಮಂದಿಗೆ ರೋಗ ತಪ್ಪೀತು ಇಲ್ಲಾ ಮುಂದ ಹೋದೀತು ಅಂತ ಅವರ ಅಂದಾಜು. ಒಂದೊಂದು ನೋಡಿದರ ಸಣ್ಣದು, ಕೂಡಿದರ ದೊಡ್ಡದು.

ಇಲ್ಲೊಂದು ಎಚ್ಚರಿಕಿ. ಅಮೆರಿಕದ ಡೇಲ್ ಬ್ರೆಡಸನ್ ಎಂಬ ವೈದ್ಯರು 2014ರಲ್ಲಿ 10 ರೋಗಿಗಳ ವರದಿ ಕೊಟ್ಟರು. ಊಟ, ನಿದ್ದಿ, ಕಸರತ್ತು, ಜೀವಸತ್ವ ಎಲ್ಲಾ ಕೂಡಿಸಿದ್ದರಿಂದ 9 ಮಂದಿಗೆ ನೆನಪು ತಿರುಗಿ ಬಂತು ಅಂದರು. ಆದ್ರ ಹೋಲಿಸಿ ನೋಡಲಿಕ್ಕೆ ಇನ್ನೊಂದು ಗುಂಪು ಅದರಾಗ ಇರಲಿಲ್ಲ. ಹೊಸ ಗೊಬ್ಬರ ಹಾಕಿದ ಹೊಲದ ಪಕ್ಕಕ್ಕ ಹಾಕದ ನಾಕು ಸಾಲು ಬಿಡದಿದ್ದರ, ಬೆಳಿ ಬಂದದ್ದು ಗೊಬ್ಬರದಿಂದೋ ಮಳಿಯಿಂದೋ ಹೆಂಗ ಹೇಳೂದು? ಕೂಡುಮದ್ದು ಅನ್ನುವ ಮಾತು ಚಲೋ ಅಂತ, ಅದರ ಹೆಸರಿನಾಗ ಹತ್ತು ಪುಡಿ, ಇಪ್ಪತ್ತು ಗುಳಿಗಿ ಮಾರುವವರಿಗೆ ರೊಕ್ಕ ಸುರಿಯಬಾರದು.

ನಮ್ಮ ಮೇಳದ ಕಾಕಾ

ಭಾರತದಾಗ 60 ದಾಟಿದವರ ಪೈಕಿ ನೂರಕ್ಕ 7.4 ಮಂದಿಗೆ ಮರೆವಿನ ರೋಗ ಅದ, ಒಟ್ಟು ಸುಮಾರು 88 ಲಕ್ಷ ಅಂತ 2023ರ ಒಂದು ಅಧ್ಯಯನ ಹೇಳತದ. ಪ್ಯಾಟಿಗಿಂತ ಹಳ್ಳಿಯಾಗ ಹೆಚ್ಚು, ಗಂಡಸರಿಗಿಂತ ಹೆಂಗಸರಿಗೆ ಹೆಚ್ಚು. ಕೇರಳದಾಗ 1992ರಲ್ಲೇ ಈ ರೋಗಿಗಳಿಗಾಗಿ ಒಂದು ಸಂಘ ಹುಟ್ಟಿತ್ತು. ನಮ್ಮ ಕಡೆ ಅದರ ಸುದ್ದಿ ಇರಲಿಲ್ಲ.

ನಮ್ಮ ಮೇಳದಾಗ ಮುಂದ ನಿಂತು ಹಾಡುತ್ತಿದ್ದ ಹಿರಿಯರನ್ನ ನಾವೆಲ್ಲ ಕಾಕಾ ಅಂತಿದ್ವಿ. ಶಾಲೆ ಮೆಟ್ಟಿಲು ಹತ್ತಿದವರಲ್ಲ. ಹರದೇಶಿ ಪದ, ಭಜನಿ ಪದ, ಮೊಹರಮ್ ಪದ ಎಲ್ಲಾ ಬಾಯಾಗ. ದಪ್ಪು ಹಿಡಿದರ ಬೆಳ್ಳಂಬೆಳತನ ಪುಸ್ತಕ ಇಲ್ಲದ ನಡೀತಿತ್ತು. ಎಪ್ಪತ್ತೇಳು ಎಪ್ಪತ್ತೆಂಟಕ್ಕ ಪದದ ನಡುವ ನಿಲ್ಲಲಿಕ್ಕೆ ಹತ್ತಿದರು. ಆಮ್ಯಾಲ ಹೊಲದಿಂದ ಮನಿಗೆ ಬರುವ ದಾರಿ ತಪ್ಪಿತು. ಮಗ ಒಂದು ಪ್ಯಾಟಿ ದವಾಖಾನಿಗೆ ಕರಕೊಂಡು ಹೋದ, ಜೋಡಿ ನಾನೂ ಹೋಗಿದ್ದೆ. ಅಲ್ಲಿ ಮರಾಠಿಯಾಗ ಕೇಳಿದರು: ಇವತ್ತು ಯಾವ ತಾರೀಖು, ಯಾವ ತಿಂಗಳು, ನೂರರಿಂದ ಏಳೇಳು ಕಳೀರಿ, ಗಡಿಯಾರ ತಗೀರಿ. ಕಾಕಾ ಅಮಾಸಿ ಹುಣ್ಣಿಮಿ ಲೆಕ್ಕದವರು. ಸಂತಿಯಾಗ ವ್ಯವಹಾರ ಮಾಡುವಷ್ಟು ಮರಾಠಿ ಬರತಿತ್ತು, ಪರೀಕ್ಷೆ ಬರಿಯುವಷ್ಟಲ್ಲ. ಪೆನ್ನು ಹಿಡಿಯಲಿಕ್ಕೇ ಬರದವರ ಕೈಯಾಗ ಕಾಗದ ಕೊಟ್ಟರು. ಸೊನ್ನಿ ಸಿಕ್ಕಿತು. ಅದರಾಗ ರೋಗ ಎಷ್ಟು, ಭಾಷಾ ಬರದ್ದು ಎಷ್ಟು, ಅಕ್ಷರ ಇಲ್ಲದ್ದು ಎಷ್ಟು ಅಂತ ಯಾರೂ ಬಿಡಿಸಿ ನೋಡಲಿಲ್ಲ. ಗುಳಿಗಿ ಚೀಟಿ ಕೊಟ್ಟು ಕಳಿಸಿದರು.

ಇದು ಕಾಕಾ ಒಬ್ಬರದ ಕತಿ ಅಲ್ಲ, ಗಡಿ ಮ್ಯಾಲ ಕುಂತ ನಮ್ಮೆಲ್ಲಾರ ಕತಿ. ಇದಕ್ಕ ದಾರಿ ಇಲ್ಲಂತಲ್ಲ. ಹರಿಯಾಣದ ಬಲ್ಲಭಗಢ ಸೀಮಿಯ ಹಳ್ಳಿಗಳಾಗ ಅಕ್ಷರ ಬರದ ಮುದುಕರಿಗಾಗೇ ಹಿಂದಿಯಾಗ ನೆನಪಿನ ಪರೀಕ್ಷೆ ತಯಾರು ಮಾಡಿ 1995ರಲ್ಲೇ ಪ್ರಕಟ ಮಾಡ್ಯಾರ. ಆಮ್ಯಾಲ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯವರು ಐದು ಭಾಷೆಗಳಾಗ ಪರೀಕ್ಷೆ ಮಾಡ್ಯಾರ, ಅದರಾಗ ಕನ್ನಡವೂ ಅದ. ಆದ್ರ ಕನ್ನಡದ ಪರೀಕ್ಷೆ ಕನ್ನಡ ರಾಜ್ಯದ ದವಾಖಾನಿಯಾಗ ಇದ್ದರ, ಗಡಿ ಈಚೆಗಿನ ಕನ್ನಡದ ಮುದುಕ ಅದನ್ನ ಎಲ್ಲಿ ಹುಡುಕಬೇಕು?

ನನ್ನ ಮೊಮ್ಮಗಳು ಕಾಕಾನ ಮನಿಗೆ ಹೋಗಿ ಎಲ್ಲಾ ಕೇಳಿ ತಿಳಕೊಂಡಳು. "ಮುತ್ಯಾ, ಗುಳಿಗಿ ಒಂದರಿಂದ ಆಗೂದಿಲ್ಲ. ಕಾಕಾಗ ಕಿವಿ ಕೇಳ್ಸೂದಿಲ್ಲ, ಸಕ್ಕರಿ ಅದ, ಕಾಕಿ ಹೋದ ಮ್ಯಾಲ ಇಡೀ ದಿನ ಒಬ್ಬರ ಕೂಡತಾರ. ಎಲ್ಲಾ ಕೂಡೇ ನೋಡಬೇಕು" ಅಂದಳು. ಅಕಿ ಹೇಳಿದಂಗ ಡಾಕ್ಟರ ಕಡೆ ಮತ್ತ ಹೋಗಿ ಸಕ್ಕರಿ, ಬಿಪಿ ಗುಳಿಗಿ ಸರಿ ಮಾಡಿಸಿದರು. ಕಿವಿಗೆ ಮಶೀನು ಹಾಕಿಸಿದರು. ಮರೆವಿನ ಗುಳಿಗಿ ತಪ್ಪದ ಕೊಡಲಿಕ್ಕೆ ಸೊಸಿ ಒಂದು ಡಬ್ಬಿ ಮಾಡಿದಳು. ಮುಂಜಾನಿ ಮೊಮ್ಮಗನ ಜೋಡಿ ಗುಡಿತನ ನಡಿಯೂದು. ಸಂಜಿಗೆ ಮೇಳದವರು ಅವರ ಕಟ್ಟಿ ಮ್ಯಾಲ ಹೋಗಿ ಕೂಡೂದು.

ಗುಣ ಆತು ಅಂತ ನಾ ಸುಳ್ಳು ಬರಿಯೂದಿಲ್ಲ. ರೋಗ ಬೆಳೀತು. ನನ್ನ ಹೆಸರು ಅವರಿಗೆ ಹೋತು, ಮಗನ ಹೆಸರೂ ಹೋತು. ಆದ್ರ ಎರಡು ವರ್ಷ ಸಿಟ್ಟು ಕಡಿಮಿ ಇತ್ತು, ರಾತ್ರಿ ನಿದ್ದಿ ಇತ್ತು, ಊಟ ತಾವ ಮಾಡಿದರು. ಮತ್ತ ಪದ ಉಳಿದವು. ಆ ಪದ ಹೇಳ್ರಿ ಅಂದರ ಬರತಿರಲಿಲ್ಲ. ತಾಳ ಹಾಕಿ ನಾವು ಮೊದಲ ಸಾಲು ಎತ್ತಿದರ ಎರಡನೆ ಸಾಲು ಅವರ ಬಾಯಿಂದ ತಾನ ಬರತಿತ್ತು. ರಾಗ ತಾಳದ ಜೋಡಿ ಕೂಡಿದ ನೆನಪು ಈ ರೋಗದಾಗ ಭಾಳ ದಿನ ಉಳೀತದ ಅಂತ ವಿಜ್ಞಾನಿಗಳೂ ಹೇಳ್ಯಾರ. ಆ ಎರಡು ವರ್ಷದಾಗ ನಾವು ಮತ್ತ್ಯಾರಿಗೂ ಗೊತ್ತಿಲ್ಲದ 40ರ ಮ್ಯಾಲ ಪದ ಬರಕೊಂಡ್ವಿ. ಆಮ್ಯಾಲ ಕಾಕಾ ತೀರಿಕೊಂಡರು. ಪದದ ವಹಿ ವಾಚನಾಲಯದಾಗ ಅದ.

ಎರಡು ಮಾತಿನ ಬಲ

ಇನ್ನೊಂದು ಸಂಗತಿ ಗಡಿಯವರಾದ ನಾವು ತಿಳಕೋಬೇಕು. ಹೈದರಾಬಾದಿನಾಗ ಸುವರ್ಣಾ ಅಲ್ಲಾಡಿ ಎಂಬ ನರವೈದ್ಯೆ ಮತ್ತು ಅವರ ಸಂಗಡಿಗರು ಮರೆವಿನ ರೋಗದ 648 ಮಂದಿಯನ್ನ ನೋಡಿ 2013ರಲ್ಲಿ ಬರೆದರು. ಒಂದ ಭಾಷಾ ಆಡುವವರಿಗಿಂತ ಎರಡು ಭಾಷಾ ಆಡುವವರಿಗೆ ರೋಗ ನಾಲ್ಕೂವರೆ ವರ್ಷ ತಡವಾಗಿ ಬಂದಿತ್ತು. ಶಾಲೆಗೆ ಹೋಗದವರಾಗೂ ಈ ಫರಕು ಕಂಡಿತು. ಮನಿಯಾಗ ಒಂದು, ಸಂತಿಯಾಗ ಒಂದು, ಕ್ಷಣಕ್ಷಣಕ್ಕ ಮಾತು ಬದಲಿಸುವ ಮೆದುಳಿಗೆ ದಿನಾ ಕಸರತ್ತು ಆಗತದ ಅಂತ ಅವರ ವಿಚಾರ. ಇದೂ ಒಂದು ಅಧ್ಯಯನ, ಇದರ ಮ್ಯಾಲ ವಾದ ನಡದದ. ಆದ್ರ ಮನಿಯಾಗ ಕನ್ನಡ, ಚಾವಡಿಯಾಗ ಮರಾಠಿ ಆಡುವ ನಮಗ ಅದು ಹೊರಿ ಅಲ್ಲ, ಗಂಟು ಇದ್ದಂಗ ಅನ್ನಿಸತದ. ಮೊಮ್ಮಕ್ಕಳಿಗೆ ಒಂದ ಭಾಷಾ ಸಾಕು ಅನ್ನುವವರು ಇದನ್ನ ವಿಚಾರ ಮಾಡಬೇಕು.

1906ರಿಂದ ಇಲ್ಲೀತನಕದ ಈ ಚರಿತ್ರೆಯಾಗ ಒಂದ ಏಟಿಗೆ ರೋಗ ಕೆಡವುವ ಮದ್ದು ಬರಲಿಲ್ಲ. ನಾಳೆ ಬಂದರ ಬರಲಿ. ಬರುವ ತನಕ ಮಾಡಲಿಕ್ಕೆ ಬರುವಂಥಾದ್ದು ಭಾಳ ಅದ. ಮನಿಯಾಗ 60 ದಾಟಿದವರ ಬಿಪಿ, ಸಕ್ಕರಿ, ಕಣ್ಣು, ಕಿವಿ ವರ್ಷಕ್ಕೊಮ್ಮೆ ತೋರಿಸ್ರಿ. ಮರೆವು ದಾರಿ ತಪ್ಪಿಸುವ ಮಟ್ಟಕ್ಕ ಬಂದರ ನಗಬ್ಯಾಡ್ರಿ, ಬಚ್ಚಿಡಬ್ಯಾಡ್ರಿ, ದವಾಖಾನಿಗೆ ಹೋಗುವಾಗ ಅವರ ಮಾತು ಬಲ್ಲವರೊಬ್ಬರು ಜೋಡಿ ಹೋಗ್ರಿ, ಕನ್ನಡದಾಗ ಕೇಳ್ರಿ ಅಂತ ಡಾಕ್ಟರಿಗೆ ಹೇಳ್ರಿ. ಕೊಟ್ಟ ಗುಳಿಗಿ ಕೇಳದ ನಿಲ್ಲಿಸಬ್ಯಾಡ್ರಿ. ನೋಡಿಕೊಳ್ಳುವ ಹೆಣ್ಣುಮಗಳಿಗೆ ವಾರಕ್ಕೊಂದು ದಿನ ಬಿಡುವು ಕೊಡ್ರಿ, ಅಕಿ ದಣಿದು ಮಲಗಿದರ ಎಲ್ಲಾ ಮದ್ದೂ ಅಲ್ಲಿಗೇ ನಿಲ್ಲತಾವ. ವಾಚನಾಲಯದವರಿಗೂ ಒಂದು ಮಾತು. ಪಂಚಾಯಿತಿಗೆ ಅರ್ಜಿ ಹಾಕಿ ಊರಾಗ ಕಿವಿ ಕಣ್ಣಿನ ತಪಾಸಣಿ ಶಿಬಿರ ಮಾಡಸ್ರಿ, ಕನ್ನಡದ ನೆನಪಿನ ಪರೀಕ್ಷೆ ನಮ್ಮ ಜಿಲ್ಲಾ ದವಾಖಾನಿಗೂ ಬರಲಿ ಅಂತ ಸರಕಾರಕ್ಕ ಬರೀರಿ, ನಾನೂ ಸಹಿ ಹಾಕತೀನಿ. ಪದ ಬಲ್ಲ ಹಿರಿಯರು ಯಾರ ಮನಿಯಾಗ ಇದ್ದರೂ ತಿಳಿಸ್ರಿ. ಶ್ರಾವಣದಾಗ ಗುಡಿಯಾಗ ದಿನಾ ಸಂಜಿಗೆ ಭಜನಿ ಇರತದ. ನಡೀಲಿಕ್ಕೆ ಆಗದವರಿದ್ದರ ನಾವ ಅವರ ಕಟ್ಟಿಗೆ ಬರತೀವಿ.